ಹಂಡೆ ಒಂದೇ ಅಲ್ವಾ!

ಕಳೆದ ವರ್ಷ ಬಿ.ಇ. ಮುಗಿಸಿ ಬೆಂಗಳೂರಿನ ಕಂಪನಿಯೊಂದರ ಸಂದರ್ಶನಕ್ಕೆ ಹೋಗಿದ್ದೆ. ಎಲ್ಲ ಪ್ರಶ್ನೆಗೂ ಪಟಪಟನೆ ಉತ್ತರಿಸಿದ್ದೆ. ಕೊನೆಗೆ ಒಬ್ಬರು, ‘ಒಂದು ಪ್ರೊಸೆಸರ್ ಹತ್ತು ಗಂಟೆ ತೆಗೆದುಕೊಳ್ಳುವ ಕೆಲಸ. ಹತ್ತು ಪ್ರೊಸೆಸರ್ ಕೊಟ್ಟರೆ ಎಷ್ಟು ಹೊತ್ತಿಗೆ ಮುಗಿಯುತ್ತೆ?’ ಎಂದರು. ‘ಒಂದು ಗಂಟೆ ಸರ್’ ಅಂದೆ. ‘ಹೌದಾ? ಯಾಕೆ?’ ಎಂದು ಮತ್ತೆ ಕೇಳಿದರು. ಬಾಯಿ ಕಟ್ಟಿತು. ಕೆಲಸವೂ ಸಿಗಲಿಲ್ಲ.

ಸಪ್ಪೆ ಮೋರೆ ಹಾಕಿಕೊಂಡು ತೀರ್ಥಹಳ್ಳಿ ಹತ್ತಿರದ ನಮ್ಮೂರಿಗೆ ಬಂದೆ. ಅಡಿಕೆ ಕೊಯ್ಲಿನ ಸಮಯ. ರಾತ್ರಿ ಜಗಲಿಯಲ್ಲಿ ಮೆಟ್ಟುಗತ್ತಿ ಇಟ್ಟುಕೊಂಡು ಹತ್ತು ಜನ ಸುಲಿಯುತ್ತಿದ್ದರು. ‘ಇನ್ನೂ ಹತ್ತು ಜನರನ್ನು ಕರೆದರೆ ಬೇಗ ಮುಗಿಯಲ್ವಾ?’ ಎಂದೆ. ಅಮ್ಮ ತಲೆಯೆತ್ತದೆ, ‘ಎಷ್ಟು ಜನ ಸುಲಿದ್ರೆ ಏನ್ ಬಂತು ಮಾರಾಯ, ಬೇಯಿಸೋ ಹಂಡೆ ಒಂದೇ ಅಲ್ವಾ?’ ಎಂದರು.

ಸಂದರ್ಶನದಲ್ಲಿ ನನಗೆ ಹೊಳೆಯದ ಉತ್ತರ ಅದೇ ಆಗಿತ್ತು! ಒಬ್ಬರೇ ಮಾಡಿದರೆ ಸುಲಿಯಲು ಎಂಟು ಗಂಟೆ, ಬೇಯಿಸಲು ಎರಡು ಗಂಟೆ ಅಂದುಕೊಳ್ಳಿ. ಹತ್ತು ಜನ ಕೂತರೆ ಸುಲಿತ 48 ನಿಮಿಷಕ್ಕೆ ಇಳಿಯುತ್ತದೆ. ಆದರೆ ಬೇಯಿಸುವ ಎರಡು ಗಂಟೆ ಹಾಗೇ ಉಳಿಯುತ್ತದೆ. ನೂರು ಜನ ಬಂದರೂ ಒಟ್ಟು ಕೆಲಸ ಎರಡು ಗಂಟೆಗಿಂತ ಕೆಳಗೆ ಇಳಿಯದು. ಜೀನ್ ಅಮ್ಡಾಲ್ ಎಂಬ ಕಂಪ್ಯೂಟರ್ ವಿನ್ಯಾಸಕಾರ 1967ರಲ್ಲಿ ಹೇಳಿದ್ದೂ ಇದನ್ನೇ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ‘ಅಮ್ಡಾಲ್ ನಿಯಮ’ ನನಗೆ ಅರ್ಥವಾಗಿದ್ದು ಜಗಲಿಯ ಮೇಲೆ.

ಆಮೇಲೆ ಕುತೂಹಲದಿಂದ ಹಳೆಯದನ್ನೆಲ್ಲ ಓದಿದೆ. 1962ರಲ್ಲೇ ಅಮೆರಿಕದ ಬರೋಸ್ ಕಂಪನಿ ‘ಡಿ825’ ಎಂಬ ಯಂತ್ರದಲ್ಲಿ ನಾಲ್ಕು ಪ್ರೊಸೆಸರ್‌ಗಳವರೆಗೆ ಜೋಡಿಸುವ ಅವಕಾಶ ಕೊಟ್ಟಿತ್ತು. ಇಲಿನಾಯ್ ವಿಶ್ವವಿದ್ಯಾಲಯ ‘ಇಲಿಯಾಕ್-4’ಕ್ಕೆ 256 ಸಂಸ್ಕರಣಾ ಘಟಕಗಳ ಯೋಜನೆ ಹಾಕಿ, ಕೊನೆಗೆ ಕಟ್ಟಿದ್ದು 64.

ನಮ್ಮ ದೇಶದ ಕಥೆ ಶುರುವಾಗಿದ್ದು ಬೆಂಗಳೂರಿನಲ್ಲೇ ಎಂಬುದು ನನಗೆ ಗೊತ್ತಿರಲಿಲ್ಲ. ವಿಮಾನದ ಸುತ್ತ ಗಾಳಿ ಹರಿಯುವ ಲೆಕ್ಕ ಮಾಡಲು ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ (ಎನ್‌ಎಎಲ್) ವಿಜ್ಞಾನಿಗಳು 1986ರಲ್ಲಿ ನಾಲ್ಕು ಇಂಟೆಲ್ 8086 ಪ್ರೊಸೆಸರ್‌ಗಳನ್ನು ಜೋಡಿಸಿ ‘ಫ್ಲೋಸಾಲ್ವರ್’ ಕಟ್ಟಿದರು. ಭಾರತದ ಮೊದಲ ಸಮಾಂತರ ಕಂಪ್ಯೂಟರ್ ಅದು. ಸೂಪರ್ ಕಂಪ್ಯೂಟರ್ ಕೊಡಲು ಅಮೆರಿಕ ಹಿಂದೇಟು ಹಾಕುತ್ತಿದ್ದ ಕಾಲ. 1991ರಲ್ಲಿ ವಿಜಯ್ ಭಟ್ಕರ್ ನೇತೃತ್ವದ ಪುಣೆಯ ಸಿ-ಡ್ಯಾಕ್ ತಂಡ ‘ಪರಮ್ 8000’ ಹೊರತಂದಿತು. ದುಬಾರಿ ಯಂತ್ರ ಸಿಗದಿದ್ದರೇನು, ಸಣ್ಣ ಸಣ್ಣ ಪ್ರೊಸೆಸರ್‌ಗಳನ್ನು ಸೇರಿಸಿ ದುಡಿಸೋಣ ಎಂಬ ಛಲ ಅದರ ಹಿಂದಿತ್ತು.

ಇದೆಲ್ಲ ಮನೆಗೆ ಬಂದಿದ್ದು ಬಿಸಿಯ ಕಾರಣಕ್ಕೆ. ಒಂದೇ ಪ್ರೊಸೆಸರ್‌ನ ವೇಗ ಹೆಚ್ಚಿಸುತ್ತಾ ಹೋದಂತೆ ಚಿಪ್ ಕಾಯತೊಡಗಿತು. 2001ರಲ್ಲಿ ಐಬಿಎಂ ಒಂದೇ ಚಿಪ್‌ನಲ್ಲಿ ಎರಡು ಕೋರ್ ಇಟ್ಟು ‘ಪವರ್4’ ತಂದಿತ್ತು. 2005ರಲ್ಲಿ ಇಂಟೆಲ್ ಮತ್ತು ಎಎಂಡಿ ಮನೆ ಬಳಕೆಯ ಕಂಪ್ಯೂಟರ್‌ಗೂ ಎರಡು ಕೋರ್ ಕೊಟ್ಟವು. ಈಗ ಜೇಬಿನ ಮೊಬೈಲ್‌ನಲ್ಲೇ ಎಂಟು ಕೋರ್ ಇರುತ್ತವೆ. ಆದರೆ ಕೆಲಸವನ್ನು ಹಂಚಿಕೊಡುವಂತೆ ಪ್ರೋಗ್ರಾಂ ಬರೆಯದಿದ್ದರೆ ಒಂದು ಕೋರ್ ದುಡಿಯುತ್ತದೆ, ಉಳಿದವು ಸುಮ್ಮನೆ ಕೂರುತ್ತವೆ. ನಮ್ಮಂಥ ಹೊಸಬರು ಕಲಿಯಬೇಕಾದ ವಿದ್ಯೆ ಇದೇ.

ಮೊನ್ನೆ ಇನ್ನೊಂದು ಸಂದರ್ಶನವಿತ್ತು. ಇಂಥದ್ದೇ ಪ್ರಶ್ನೆ ಬಂತು. ಈ ಸಲ ಆತುರಪಡಲಿಲ್ಲ. ‘ಸರ್, ಅದರಲ್ಲಿ ಹಂಚಲಾಗದ ಕೆಲಸ ಎಷ್ಟಿದೆ?’ ಎಂದು ತಿರುಗಿ ಕೇಳಿ, ಅಡಿಕೆ ಹಂಡೆಯ ಲೆಕ್ಕ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. ಫಲಿತಾಂಶ ಇನ್ನೂ ಬಂದಿಲ್ಲ. ಕಾಯುತ್ತಿದ್ದೇನೆ. ಅಲ್ಲಿಯವರೆಗೆ ಸುಲಿತಕ್ಕೆ ನಾನೂ ಒಬ್ಬ ಹೆಚ್ಚುವರಿ ಪ್ರೊಸೆಸರ್!