ಬೇಲಿಗೆ ಬೇಕಾದ ಮರ, ಯಾರಿಗೂ ಬೇಡವಾದ ಹಣ್ಣು

ಅಮೆರಿಕದ ಕಾನ್ಸಾಸ್, ಮಿಸೌರಿ ಕಡೆಯ ಹೊಲದ ಬದುಗಳಲ್ಲಿ ಚಳಿ ಶುರುವಾಗುವ ಮುನ್ನ ತಿಳಿಹಸಿರು ಹಣ್ಣುಗಳು ದೊಪ್ಪನೆ ಉದುರುತ್ತವೆ. ಮಿದುಳಿನಂತೆ ಸುಕ್ಕುಗಟ್ಟಿದ ಮೈ. ಕೆಲವಂತೂ ಒಂದು ಕಿಲೋ ತೂಗುತ್ತವೆ. ಮನುಷ್ಯರು ತಿನ್ನುವುದಿಲ್ಲ. ಅಳಿಲುಗಳು ತಿರುಳನ್ನು ಹರಿದೆಸೆದು ಬೀಜವನ್ನಷ್ಟೇ ಮೆಲ್ಲುತ್ತವೆ. ಉಳಿದದ್ದು ಮರದ ಬುಡದಲ್ಲೇ ಕೊಳೆಯುತ್ತದೆ.

ಇದು ಓಸೇಜ್ ಆರೆಂಜ್ ಮರ. ಸಸ್ಯಶಾಸ್ತ್ರದಲ್ಲಿ ಮ್ಯಾಕ್ಲೂರಾ ಪೊಮಿಫೆರಾ. ಹಲಸು, ಹಿಪ್ಪುನೇರಳೆ, ಅತ್ತಿಗಳು ಇದರ ಬಂಧುಗಳು. ಹಲಸಿನಲ್ಲಿ ಆಗುವಂತೆ ಇಲ್ಲಿಯೂ ನೂರಾರು ಪುಟ್ಟ ಹೂಗಳು ಕೂಡಿಕೊಂಡು ಒಂದೇ ಹಣ್ಣಾಗುತ್ತವೆ, ಕೊಯ್ದರೆ ಬಿಳಿ ಸೊನೆ ಒಸರುತ್ತದೆ. ತೊಳೆಯ ಸವಿಯೊಂದಿಲ್ಲ.

ಒಯ್ಯುವವರಿಲ್ಲದಿದ್ದರೆ ಇಷ್ಟು ದೊಡ್ಡ ಹಣ್ಣು ಏಕೆ?

ಮಧ್ಯ ಅಮೆರಿಕದ ಇಂಥದೇ ಹಣ್ಣುಗಳನ್ನು ಕುರಿತು ವಿಜ್ಞಾನಿಗಳಾದ ಡೇನಿಯಲ್ ಜಾನ್ಜೆನ್ ಮತ್ತು ಪಾಲ್ ಮಾರ್ಟಿನ್ 1982ರಲ್ಲಿ ಒಂದು ಉತ್ತರ ಮುಂದಿಟ್ಟರು: ಇವನ್ನು ನುಂಗಿ, ಬೀಜವನ್ನು ಸಗಣಿಯೊಡನೆ ದೂರ ಬಿತ್ತುತ್ತಿದ್ದ ಭಾರಿ ಪ್ರಾಣಿಗಳು ಹಿಮಯುಗದ ಕೊನೆಗೆ ಅಳಿದುಹೋದವು. ಆನೆಯ ಬಳಗದ ಮ್ಯಾಸ್ಟೊಡಾನ್, ನೆಲದ ಮೇಲೆ ಓಡಾಡುತ್ತಿದ್ದ ದೈತ್ಯ ಸ್ಲಾತ್‌ಗಳು ಇದೇ ಮರದ ವಾಹಕರಾಗಿದ್ದಿರಬಹುದು ಎನ್ನುವವರಿದ್ದಾರೆ. ಊಹೆಯಾದರೂ ಅದಕ್ಕೆ ಪುಷ್ಟಿಯಿದೆ. ಯುರೋಪಿಯನ್ನರು ಬರುವ ಹೊತ್ತಿಗೆ ಈ ಮರದ ನೆಲೆ ಟೆಕ್ಸಸ್, ಒಕ್ಲಹೋಮ, ಅರ್ಕಾನ್ಸಾಸ್ ಸೀಮೆಯ ರೆಡ್ ನದಿಯ ಆಸುಪಾಸಿಗೆ ಕುಗ್ಗಿತ್ತು.

ಅಲ್ಲಿಂದಾಚೆಗೆ ಅದನ್ನು ಹರಡಿದವರು ಮನುಷ್ಯರು. ಮೂಲನಿವಾಸಿಗಳಾದ ಓಸೇಜ್ ಜನ ಇದರ ಗಟ್ಟಿ, ಬಾಗುವ ಕಟ್ಟಿಗೆಯಿಂದ ಬಿಲ್ಲು ಮಾಡುತ್ತಿದ್ದರು. 1804ರಲ್ಲಿ ಅನ್ವೇಷಕ ಮೆರಿವೆದರ್ ಲೂಯಿಸ್ ಸೇಂಟ್ ಲೂಯಿಸ್‌ನಿಂದ ಇದರ ಕಡ್ಡಿಗಳನ್ನು ಅಧ್ಯಕ್ಷ ಜೆಫರ್ಸನ್‌ಗೆ ಕಳಿಸಿದ. ಮರ ವಿರಳವಾದ ಹುಲ್ಲುಗಾವಲಿನ ರೈತರಿಗೆ ಬೇಲಿಯೇ ದೊಡ್ಡ ಚಿಂತೆಯಾಗಿದ್ದಾಗ ಇಲಿನಾಯ್‌ನ ಪ್ರಾಧ್ಯಾಪಕ ಜೊನಾಥನ್ ಬಾಲ್ಡ್ವಿನ್ ಟರ್ನರ್ ಈ ಮುಳ್ಳುಮರವನ್ನು ಸಾಲಾಗಿ ನೆಟ್ಟು, ಸವರಿ ಬೆಳೆಸುವಂತೆ ಹುರಿದುಂಬಿಸಿದರು. ಕುದುರೆ ಹಾರಲಾಗದು, ಗೂಳಿ ನುಗ್ಗಲಾಗದು, ಹಂದಿ ತೂರಲಾಗದು: ಅದು ಅಂಥ ಬೇಲಿ.

1874ರಲ್ಲಿ ಜೋಸೆಫ್ ಗ್ಲಿಡನ್ ಮುಳ್ಳುತಂತಿಗೆ ಪೇಟೆಂಟ್ ಪಡೆದ ಮೇಲೆ ಹಸಿರು ಬೇಲಿಯ ಕಾಲ ಮುಗಿಯಿತು. ಆದರೆ ಮರಕ್ಕೆ ಕೆಲಸ ತಪ್ಪಲಿಲ್ಲ. ಇದರ ಕಟ್ಟಿಗೆಗೆ ಗೆದ್ದಲು ಹತ್ತುವುದು ಕಷ್ಟ, ಮಣ್ಣಲ್ಲಿ ಹೂತರೂ ದಶಕಗಟ್ಟಲೆ ಕೊಳೆಯದು; ಹಾಗಾಗಿ ತಂತಿ ಬಿಗಿಯುವ ಕಂಬಗಳೂ ಇದರವೇ ಆದವು. 1930ರ ದಶಕದ ಧೂಳುಗಾಳಿಗೆ ತಡೆಯೊಡ್ಡಲು ಸರ್ಕಾರ ನೆಡಿಸಿದ ಗಿಡಗಳಲ್ಲಿ ಇದೂ ಇತ್ತು.

ಹಣ್ಣಿಗೂ ಈಗ ಒಬ್ಬ ಗಿರಾಕಿ ಇದ್ದಾನೆ. ಕುದುರೆಯ ವಂಶ ಹುಟ್ಟಿದ್ದು ಉತ್ತರ ಅಮೆರಿಕದಲ್ಲೇ. ಮ್ಯಾಸ್ಟೊಡಾನ್‌ಗಳ ಕಾಲಕ್ಕೆ ಅಲ್ಲಿ ಅಳಿದು, ಸ್ಪೇನಿನವರ ಹಡಗೇರಿ ಮರಳಿತು. ಓಸೇಜ್ ಹಣ್ಣನ್ನು ಕೆಲವು ಕುದುರೆಗಳು ತಿನ್ನುತ್ತವೆ.