ಮುಸುಕು ಸರಿದ ಎರಡು ಪ್ರತಿಮೆಗಳು

ನಗರವೆಂಬುದು ಬೀದಿ-ಕಟ್ಟಡಗಳ ಸಮೂಹ ಮಾತ್ರವಲ್ಲ. ತನ್ನ ವೃತ್ತಗಳಲ್ಲಿ, ಉದ್ಯಾನಗಳಲ್ಲಿ ಅದು ಯಾರನ್ನು ನಿಲ್ಲಿಸುತ್ತದೆ, ಯಾರನ್ನು ನಿಲ್ಲಿಸಲು ಹಿಂಜರಿಯುತ್ತದೆ ಎಂಬುದರಿಂದಲೂ ಅದರ ಸ್ವಭಾವ ತಿಳಿಯುತ್ತದೆ. ಬೆಂಗಳೂರಿನ ಹಲಸೂರು ಕೆರೆಯ ಸಮೀಪದಲ್ಲಿರುವ ತಿರುವಳ್ಳುವರ್ ಪ್ರತಿಮೆ ಇದಕ್ಕೊಂದು ಉತ್ತಮ ನಿದರ್ಶನ.

ಬೆಂಗಳೂರು ತಮಿಳು ಸಂಘದವರು ಈ ಪ್ರತಿಮೆಯನ್ನು ಸ್ಥಾಪಿಸಿದ್ದು 1991ರಲ್ಲಿ. ಅದೇ ವರ್ಷ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಹೊರಬಿದ್ದು ನೆರೆರಾಜ್ಯಗಳ ನಡುವೆ ಕಹಿ ಬೆಳೆಯಿತು. ಡಿಸೆಂಬರಿನಲ್ಲಿ ರಾಜಧಾನಿಯ ಬೀದಿಗಳು ಗಲಭೆಯನ್ನು ಕಂಡವು. ಕನ್ನಡಪರ ಸಂಘಟನೆಗಳು ಪ್ರತಿಮೆಯ ಅನಾವರಣವನ್ನು ವಿರೋಧಿಸಿದವು. 1330 ಕುರಳುಗಳಲ್ಲಿ ಬಾಳಿನ ನೀತಿಯನ್ನು ಸಾರಿದ ಕವಿ 18 ವರ್ಷಗಳ ಕಾಲ ಮುಸುಕಿನೊಳಗೆ ನಿಲ್ಲಬೇಕಾಯಿತು.

ವಿರೋಧಿಸಿದವರನ್ನೆಲ್ಲ ದ್ವೇಷಿಗಳೆಂದು ಕರೆಯುವುದು ನ್ಯಾಯವಲ್ಲ. ಕನ್ನಡನಾಡಿನ ರಾಜಧಾನಿಯಲ್ಲಿಯೇ ಕನ್ನಡ ಮೂಲೆಗುಂಪಾಗುತ್ತಿದೆ ಎಂಬ ಅಳಲಿನಲ್ಲಿ ಸತ್ಯಾಂಶವಿದೆ. ಆದರೆ ನೆರೆಯವರ ಕವಿಯ ಮುಖ ಮುಚ್ಚಿದರೆ ನಮ್ಮ ನುಡಿಗೆ ಬಲ ಬಂದೀತೆ? ನಮ್ಮ ಕವಿಯನ್ನು ಅವರೂರಿಗೆ ಕಳುಹಿಸುವುದೇ ಮೇಲಾದ ಮಾರ್ಗವಲ್ಲವೆ?

ಕೊನೆಗೆ ಆದದ್ದೂ ಅದೇ. 2009ರ ಆಗಸ್ಟ್ 9ರಂದು ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪನವರ ಸಮ್ಮುಖದಲ್ಲಿ ತಮಿಳುನಾಡಿನ ಮುಖ್ಯಮಂತ್ರಿ ಎಂ. ಕರುಣಾನಿಧಿಯವರು ತಿರುವಳ್ಳುವರ್ ಪ್ರತಿಮೆಯನ್ನು ಅನಾವರಣಗೊಳಿಸಿದರು. ನಾಲ್ಕು ದಿನಗಳ ತರುವಾಯ, ಆಗಸ್ಟ್ 13ರಂದು, ಚೆನ್ನೈನ ಅಯನಾವರದಲ್ಲಿ ನಮ್ಮ ಸರ್ವಜ್ಞನ ಪ್ರತಿಮೆ ಅನಾವರಣಗೊಂಡಿತು. ಎರಡು ಸಾಲಿನ ಕವಿ ಬೆಂಗಳೂರಿಗೆ, ಮೂರು ಸಾಲಿನ ಕವಿ ಚೆನ್ನೈಗೆ! ಇಬ್ಬರ ಜೀವನವೃತ್ತಾಂತವೂ ಐತಿಹ್ಯಗಳಲ್ಲಿ ಮರೆಯಾಗಿದೆ. ಉಳಿದು ಬಂದಿರುವುದು ಅವರ ನುಡಿ. ಆ ನುಡಿ ಒಂದು ಕುಲಕ್ಕಾಗಲಿ ಒಂದು ಪ್ರಾಂತಕ್ಕಾಗಲಿ ಮೀಸಲಲ್ಲ.

ಪ್ರತಿಮೆಗಳಿಂದಲೇ ಸೌಹಾರ್ದ ನೆಲೆಗೊಳ್ಳುವುದೆಂದು ನಾವು ಹೇಳಲಾರೆವು. 2016ರ ಸೆಪ್ಟೆಂಬರಿನಲ್ಲಿ ಕಾವೇರಿಯ ಕಾರಣವಾಗಿ ಬೆಂಗಳೂರಿನಲ್ಲಿ ಮತ್ತೆ ವಾಹನಗಳು ಉರಿದವು. ಮುಸುಕು ಸರಿಸಲು ಒಂದು ಸಮಾರಂಭ ಸಾಕು. ಮನಸ್ಸಿನ ಮುಸುಕು ಸರಿಯಲು ಅಷ್ಟು ಸಾಲದು. ವರ್ಷಕ್ಕೊಮ್ಮೆ ಮಾಲೆ ಹಾಕಿ ಮರೆಯುವ ನಗರಕ್ಕೆ ಪ್ರತಿಮೆ ಕೇವಲ ಅಲಂಕಾರ. ಅದರ ಮುಂದೆ ನಿಂತು ‘ಈತ ಏನು ಹೇಳಿದನು?’ ಎಂದು ಕೇಳುವ ನಗರಕ್ಕೆ ಮಾತ್ರ ಅದು ಗುರುವಾಗುತ್ತದೆ.

ಆದುದರಿಂದ ತಾಯಂದಿರಲ್ಲಿ, ತಂದೆಯರಲ್ಲಿ ನಮ್ಮದೊಂದು ಬಿನ್ನಹ. ಹಲಸೂರಿನ ಕಡೆ ಹೋದಾಗ ಮಕ್ಕಳಿಗೆ ಆ ಪ್ರತಿಮೆಯನ್ನು ತೋರಿಸಿರಿ. ತಿರುಕ್ಕುರಳಿಗೆ ಕನ್ನಡ ಅನುವಾದಗಳಿವೆ. ಮನೆಯಲ್ಲಿ ಸರ್ವಜ್ಞನ ವಚನಗಳ ಪಕ್ಕದಲ್ಲಿ ಅದನ್ನೂ ಇರಿಸಿರಿ. ಎರಡನ್ನೂ ಓದಿ ಬೆಳೆದ ಮಗುವಿಗೆ ತನ್ನ ನುಡಿಯ ಅಭಿಮಾನವೂ ನೆರೆಯವರ ನುಡಿಯ ಗೌರವವೂ ಒಟ್ಟಿಗೆ ಬರುವುವು.