ಮಾಯಾ ಮೊದಲೋ, ಬ್ಲೆಂಡರ್ ಮೊದಲೋ?

1993ರಲ್ಲಿ ಬಂದ ‘ಜುರಾಸಿಕ್ ಪಾರ್ಕ್’ ಚಿತ್ರದಲ್ಲಿ ಡೈನೊಸಾರ್‌ಗಳನ್ನು ಕಂಪ್ಯೂಟರಿನೊಳಗೆ ಓಡಿಸಿದ ಸಾಫ್ಟ್‌ವೇರಿನ ಹೆಸರು ಸಾಫ್ಟ್‌ಇಮೇಜ್. ಕೆನಡಾದ ಮಾಂಟ್ರಿಯಲ್‌ನಲ್ಲಿ 1986ರಲ್ಲಿ ಹುಟ್ಟಿದ ಕಂಪನಿಯೊಂದರ ಸರಕು ಅದು. ಮುಂದೆ ಆ ಕಂಪನಿಯನ್ನು ಮೈಕ್ರೊಸಾಫ್ಟ್ ಕೊಂಡಿತು, ಮೈಕ್ರೊಸಾಫ್ಟ್‌ನಿಂದ ಆವಿಡ್ ಕೊಂಡಿತು, 2008ರಲ್ಲಿ ಅದು ಆಟೊಡೆಸ್ಕ್ ಪಾಲಾಯಿತು. ಆಟೊಡೆಸ್ಕ್ ಬಳಿ ಆಗಲೇ ಅದೇ ಬಗೆಯ ಕೆಲಸ ಮಾಡುವ ಮಾಯಾ ಇತ್ತು, ತ್ರೀಡಿಎಸ್ ಮ್ಯಾಕ್ಸ್ ಇತ್ತು. ಒಂದೇ ಮನೆಯಲ್ಲಿ ಮೂವರು ಸೊಸೆಯರು ಬೇಡವೆನ್ನಿಸಿತೋ ಏನೋ, 2014ರಲ್ಲಿ ಸಾಫ್ಟ್‌ಇಮೇಜನ್ನು ನಿಲ್ಲಿಸುವುದಾಗಿ ಅದು ಘೋಷಿಸಿತು. ಹತ್ತಿಪ್ಪತ್ತು ವರ್ಷ ಅದರಲ್ಲೇ ಕೈ ಪಳಗಿಸಿಕೊಂಡಿದ್ದವರು ಬೇರೆ ಸಾಫ್ಟ್‌ವೇರಿಗೆ ಹೋಗಲೇಬೇಕಾಯಿತು. ಅವರು ಕಳೆದುಕೊಂಡದ್ದೇನು ಎಂದು ಲೆಕ್ಕ ಹಾಕಿ ನೋಡಿ: ಯಾವ ಕೀಲಿ ಒತ್ತಿದರೆ ಏನಾಗುತ್ತದೆಂಬ ಬೆರಳಿನ ಅಭ್ಯಾಸ, ಯಾವ ಮೆನುವಿನಲ್ಲಿ ಏನಿದೆಯೆಂಬ ನೆನಪು. ಭಾರದ ಪ್ರಾಣಿ ಹೆಜ್ಜೆ ಊರುವಾಗ ಮೈ ಎಷ್ಟು ಕುಸಿಯಬೇಕು, ಬಾಲ ಎಷ್ಟು ತಡವಾಗಿ ಹಿಂಬಾಲಿಸಬೇಕು ಎಂಬ ಅರಿವು ಎಲ್ಲಿಗೂ ಹೋಗಲಿಲ್ಲ.

ಅದೇ ಚಿತ್ರದ ತಯಾರಿಯಲ್ಲಿ ಇನ್ನೊಂದು ಸಂಗತಿಯೂ ಇದೆ. ಡೈನೊಸಾರ್‌ಗಳನ್ನು ಮೊದಲು ಸ್ಟಾಪ್‌ಮೋಷನ್ ಗೊಂಬೆಗಳಿಂದ, ಅಂದರೆ ಗೊಂಬೆಯನ್ನು ಕೂದಲೆಳೆಯಷ್ಟು ಕದಲಿಸಿ ಒಂದೊಂದೇ ಚೌಕಟ್ಟನ್ನು ಸೆರೆಹಿಡಿಯುವ ಹಳೆಯ ವಿಧಾನದಿಂದ ಮಾಡಬೇಕೆಂದಿತ್ತು. ಆ ಕೆಲಸದ ಹೊಣೆ ಫಿಲ್ ಟಿಪೆಟ್ ಅವರದು. ಕಂಪ್ಯೂಟರಿನ ಚಿತ್ರ ಗೆದ್ದಿತು. ಆದರೆ ಪ್ರಾಣಿಯ ನಡಿಗೆ ಬಲ್ಲವರು ಟಿಪೆಟ್ ಸ್ಟುಡಿಯೊದ ಗೊಂಬೆಯವರು, ಅವರಿಗೆ ಕಂಪ್ಯೂಟರ್ ಬಾರದು. ಅದಕ್ಕೆ ಕಂಡುಕೊಂಡ ಉಪಾಯ ಸೊಗಸಾಗಿದೆ. ಕೀಲುಗಳಲ್ಲಿ ಸಂವೇದಕಗಳಿದ್ದ ಲೋಹದ ಡೈನೊಸಾರ್ ಅಸ್ಥಿಪಂಜರವೊಂದನ್ನು ಮಾಡಿಕೊಟ್ಟರು. ಅದರ ಕಾಲನ್ನು ಕೈಯಿಂದ ಬಗ್ಗಿಸಿದರೆ ಪರದೆಯೊಳಗಿನ ಡೈನೊಸಾರ್ ಕಾಲು ಬಗ್ಗುತ್ತಿತ್ತು. ಚಿತ್ರದ ಕೆಲವು ದೃಶ್ಯಗಳು ಹೀಗೆ ತಯಾರಾದವು. ಕಲೆ ಬಲ್ಲವನಿಗೆ ಯಂತ್ರ ಕಲಿಸುವುದಕ್ಕಿಂತ, ಯಂತ್ರವನ್ನೇ ಕಲೆ ಬಲ್ಲವನ ಕೈಗೆ ಒಗ್ಗಿಸುವುದು ಸುಲಭವೆಂದು ಅಷ್ಟು ದೊಡ್ಡ ಬಂಡವಾಳ ಹಾಕಿದವರೂ ಒಪ್ಪಿಕೊಂಡಿದ್ದರು ಎಂಬುದನ್ನು, ಮೂರು ಆಯಾಮದ ಅನಿಮೇಷನ್ ಕಲಿಯಹೊರಟವರು ಗಮನಿಸಬೇಕು.

ಏಕೆಂದರೆ ಕಲಿಯಹೊರಟವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ‘ಯಾವ ಸಾಫ್ಟ್‌ವೇರ್?’ ಎಂಬುದೇ. ಉತ್ತರ ಕೊಡುವವರು ನಟರ ಅಭಿಮಾನಿ ಸಂಘದವರಂತೆ ಮಾಯಾ, ಬ್ಲೆಂಡರ್ ಎಂದು ಎರಡು ಬಣವಾಗುತ್ತಾರೆ. ನನ್ನ ವಾದ ಇಷ್ಟು: ಪಾತ್ರಕ್ಕೆ ಜೀವ ತುಂಬುವ ವಿದ್ಯೆ ಯಾವ ಸಾಫ್ಟ್‌ವೇರಿನೊಳಗೂ ಇಲ್ಲ, ಆದ್ದರಿಂದ ಹೆಚ್ಚು ಕಾಲ ಕೈಬಿಡದೆ ಜೊತೆಗಿರುವ ಸಾಫ್ಟ್‌ವೇರೇ ಹೊಸಬರಿಗೆ ಒಳ್ಳೆಯದು. ಈ ಅಳತೆಗೋಲು ಹಿಡಿದರೆ ಇವತ್ತು ನಮ್ಮ ಕಡೆಯ ಬಹುಪಾಲು ಕಲಿಯುವವರಿಗೆ ಉತ್ತರ ಬ್ಲೆಂಡರ್. ಎಲ್ಲದರಲ್ಲೂ ಅದೇ ಮೇಲು ಎಂಬ ಕಾರಣಕ್ಕಲ್ಲ. ಕೆಲವು ಕಡೆ ಅದು ಹಿಂದೆಯೇ ಇದೆ.

ಈ ವಿದ್ಯೆ ಅಂದರೇನು ಎಂಬುದು ಮೊದಲು ಬಿಡಿಸಿಕೊಳ್ಳಬೇಕಾದ ಗಂಟು. ಪಾತ್ರದ ಆಕಾರ ಮಾಡುವುದು ಮಾಡೆಲಿಂಗ್. ಅದರೊಳಗೆ ಮೂಳೆ, ಕೀಲು, ಹಿಡಿಕೆಗಳನ್ನು ಕೂರಿಸುವುದು ರಿಗ್ಗಿಂಗ್. ಆ ಹಿಡಿಕೆಗಳನ್ನು ಹಿಡಿದು ಪಾತ್ರವನ್ನು ನಡೆಸುವುದು, ನಗಿಸುವುದು, ಅನುಮಾನಪಡಿಸುವುದು ಅನಿಮೇಷನ್. ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆಯಾಟ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೊಂಬೆ ಕೆತ್ತುವ ಜಾಣ್ಮೆಯೇ ಬೇರೆ, ಸೂತ್ರ ಹಿಡಿದು ಕುಣಿಸುವ ಜಾಣ್ಮೆಯೇ ಬೇರೆ. ದೊಡ್ಡ ಸ್ಟುಡಿಯೊಗಳಲ್ಲಿ ಈ ಮೂರೂ ಕೆಲಸಕ್ಕೆ ಮೂರು ವಿಭಾಗಗಳಿರುತ್ತವೆ. ಹೊಸಬರು ಮಾತ್ರ ಸಾಫ್ಟ್‌ವೇರ್ ತೆರೆದ ದಿನವೇ ಸ್ವಂತ ಪಾತ್ರ ಕಟ್ಟಲು ಹೊರಟು, ಮೂಗಿನ ಆಕಾರ ತಿದ್ದುವುದರಲ್ಲಿ ಮೂರು ತಿಂಗಳು ಕಳೆದು, ಭುಜದ ಮೂಳೆ ಸರಿಯಾಗಿ ಕೂರಲಿಲ್ಲವೆಂದು ಬೇಸತ್ತು ಬಿಟ್ಟುಬಿಡುತ್ತಾರೆ. ಅವರ ಪಾತ್ರ ಒಂದು ಹೆಜ್ಜೆಯನ್ನೂ ಇಟ್ಟಿರುವುದಿಲ್ಲ. ತಪ್ಪು ಸಾಫ್ಟ್‌ವೇರಿನದೆಂದುಕೊಂಡು ಇನ್ನೊಂದನ್ನು ಇಳಿಸಿಕೊಳ್ಳುವುದೂ ಉಂಟು.

ಅನಿಮೇಷನ್ನಷ್ಟನ್ನೇ ಕಲಿಯುತ್ತೇನೆಂದು ಗೆರೆ ಎಳೆದುಕೊಂಡರೆ ಸಾಫ್ಟ್‌ವೇರಿನಿಂದ ಬೇಕಾಗುವುದು ಆಶ್ಚರ್ಯವಾಗುವಷ್ಟು ಕಡಿಮೆ. ಸಿದ್ಧವಾದ ರಿಗ್ ಒಂದು ಬೇಕು. ಕಾಲದ ಪಟ್ಟಿಯ ಮೇಲೆ ಬೇಕಾದ ಫ್ರೇಮಿನಲ್ಲಿ ಪೋಸ್ ಗುರುತಿಸುವ ಕೀಫ್ರೇಮ್ ಬೇಕು. ಎರಡು ಪೋಸ್‌ಗಳ ನಡುವಿನ ಚಲನೆ ಎಲ್ಲಿ ನಿಧಾನ, ಎಲ್ಲಿ ಬಿರುಸು ಎಂದು ಗೆರೆಯ ಬಾಗಿನಲ್ಲಿ ತೋರಿಸುವ ಗ್ರಾಫ್ ಎಡಿಟರ್ ಬೇಕು. ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ ಸಾಧಾರಣ ನಡಿಗೆಯ ಒಂದು ಹೆಜ್ಜೆಗೆ ಸುಮಾರು 12 ಫ್ರೇಮ್. ಅದನ್ನು 20ಕ್ಕೆ ಎಳೆದರೆ ಅದೇ ಪಾತ್ರ ಮುದಿಯಾಗುತ್ತದೆ, ಇಲ್ಲವೇ ದುಃಖಿಯಾಗುತ್ತದೆ. 8ಕ್ಕೆ ಇಳಿಸಿದರೆ ಅವಸರದಲ್ಲಿರುತ್ತದೆ. ಸೊಂಟ ಯಾವ ಫ್ರೇಮಿನಲ್ಲಿ ತೀರ ಕೆಳಗಿರಬೇಕು, ತಲೆ ಎಷ್ಟು ಫ್ರೇಮ್ ತಡವಾಗಿ ತಿರುಗಬೇಕು ಎಂಬ ಪ್ರಶ್ನೆಗಳಿಗೆ ಮಾಯಾದಲ್ಲೂ ಬ್ಲೆಂಡರಿನಲ್ಲೂ ಉತ್ತರ ಒಂದೇ. ಡಿಸ್ನಿಯ ಫ್ರ್ಯಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ 1981ರ ತಮ್ಮ ಪುಸ್ತಕದಲ್ಲಿ 12 ಸೂತ್ರಗಳನ್ನು ವಿವರಿಸಿದ್ದು ಪೆನ್ಸಿಲು, ಕಾಗದದ ಅನಿಮೇಷನ್ನಿಗೆ. 1987ರಲ್ಲಿ ಪಿಕ್ಸಾರ್‌ನ ಜಾನ್ ಲ್ಯಾಸೆಟರ್ ಅವೇ ಸೂತ್ರಗಳು ಕಂಪ್ಯೂಟರಿಗೂ ಸಲ್ಲುತ್ತವೆಂದು ಪ್ರಬಂಧ ಮಂಡಿಸಿದರು. ಅದರ ಹಿಂದಿನ ವರ್ಷ ಅವರು ಮಾಡಿದ್ದ ‘ಲಕ್ಸೊ ಜೂನಿಯರ್’ ಎಂಬ ಎರಡು ನಿಮಿಷದ ಚಿತ್ರದಲ್ಲಿ ಕಣ್ಣು, ಬಾಯಿ, ಕೈ ಏನೂ ಇಲ್ಲದ ಮೇಜಿನ ದೀಪವೊಂದು ತಂಟೆಕೋರ ಮಗುವಿನಂತೆ ಕಾಣುತ್ತದೆ. ಆಗ ಮಾಯಾ ಇರಲಿಲ್ಲ, ಬ್ಲೆಂಡರೂ ಇರಲಿಲ್ಲ.

‘ಇದೆಲ್ಲ ಸರಿ, ಆದರೆ ಕೆಲಸ ಕೊಡುವವರು ಮಾಯಾ ಕೇಳುತ್ತಾರಲ್ಲ’ ಎನ್ನುವುದು ಬಲವಾದ ಆಕ್ಷೇಪ. ಅದನ್ನು ತಳ್ಳಿಹಾಕುವಂತಿಲ್ಲ. 1998ರಲ್ಲಿ ಬಂದ ಮಾಯಾ ಸಿನಿಮಾ ಅನಿಮೇಷನ್ನಿನ ಉದ್ಯಮದಲ್ಲಿ ಇವತ್ತಿಗೂ ಬೇರುಬಿಟ್ಟಿದೆ. ಬೆಂಗಳೂರು, ಹೈದರಾಬಾದ್, ಮುಂಬೈಗಳಲ್ಲಿ ಹೊರದೇಶದ ಚಿತ್ರ, ಸರಣಿಗಳಿಗೆ ದುಡಿಯುವ ಸ್ಟುಡಿಯೊಗಳು ಬಹುಮಟ್ಟಿಗೆ ಅದನ್ನೇ ಬಳಸುತ್ತವೆ. ಆರು ತಿಂಗಳೊಳಗೆ ಇಂಥದ್ದೇ ಸ್ಟುಡಿಯೊ ಸೇರಬೇಕೆಂದು ಹೊರಟವರು, ಮಾಯಾ ಕಲಿಸುವ ಕೋರ್ಸಿಗೆ ಹಣ ಕಟ್ಟಿ ಕೂತವರು ಮಾಯಾವನ್ನೇ ಹಿಡಿಯಲಿ. ಅವರಿಗೆ ಈ ಲೇಖನದಿಂದ ಹೆಚ್ಚಿನ ಉಪಯೋಗವಿಲ್ಲ. ಉಳಿದವರು ಮಾತ್ರ ಈ ಆಕ್ಷೇಪವನ್ನು ಇನ್ನಷ್ಟು ಕೆದಕಿ ನೋಡಬೇಕು. ಉದ್ಯಮದ ತುತ್ತತುದಿಯಲ್ಲಿರುವ ಪಿಕ್ಸಾರ್‌ನಲ್ಲಿ ಪಾತ್ರಗಳನ್ನು ಅನಿಮೇಟ್ ಮಾಡುವುದು ಮಾಯಾದಲ್ಲಲ್ಲ. 2012ರ ‘ಬ್ರೇವ್’ ಚಿತ್ರದಿಂದ ಅಲ್ಲಿರುವುದು ಪ್ರೆಸ್ಟೊ ಎಂಬ ಮನೆಯ ಸಾಫ್ಟ್‌ವೇರ್. ಡ್ರೀಮ್‌ವರ್ಕ್ಸ್ ಸಹ ‘ಹೌ ಟು ಟ್ರೇನ್ ಯುವರ್ ಡ್ರ್ಯಾಗನ್’ ಎರಡನೇ ಭಾಗಕ್ಕೆ ಪ್ರೀಮೊ ಎಂಬ ತನ್ನದೇ ಸಾಫ್ಟ್‌ವೇರ್ ತಂದುಕೊಂಡಿತು. ಅವು ಹೊರಗೆ ಸಿಗುವುದಿಲ್ಲ. ಅಲ್ಲಿಗೆ ಸೇರುವವರು ಯಾರೇ ಆಗಲಿ, ಎಷ್ಟೇ ಅನುಭವಿಗಳಾಗಲಿ, ಹೊಸ ಸಾಫ್ಟ್‌ವೇರ್ ಕಲಿಯಲೇಬೇಕು. ಹಾಗಿದ್ದೂ ಅವರನ್ನು ಆರಿಸುವುದು ಡೆಮೊ ರೀಲ್ ನೋಡಿ, ಅಂದರೆ ಅವರು ಆಡಿಸಿದ ಪಾತ್ರಗಳ ಒಂದೆರಡು ನಿಮಿಷದ ತುಣುಕು ನೋಡಿ. ಆ ತುಣುಕಿನಲ್ಲಿ ಪಾತ್ರ ತೇಲುತ್ತಿದ್ದರೆ, ನೆಲದ ಮೇಲೆ ಅದರ ಭಾರ ಬೀಳದಿದ್ದರೆ, ಮಾಯಾದಲ್ಲಿ ಮಾಡಿದ್ದೆಂಬ ಒಕ್ಕಣೆ ಅದನ್ನು ಎತ್ತಿ ನಿಲ್ಲಿಸಲಾರದು.

ಇನ್ನು ಕಾಲದ ಲೆಕ್ಕ. ವೀಕ್ಷಕರು ನಂಬುವಂಥ ನಟನೆಯನ್ನು ಪಾತ್ರದಿಂದ ಮಾಡಿಸಲು ವರ್ಷಗಳೇ ಬೇಕು. ಮಾಯಾದ ಪೂರ್ಣ ಚಂದಾ ಅಮೆರಿಕದ ದರದಲ್ಲಿ ವರ್ಷಕ್ಕೆ 1,800 ಡಾಲರ್ ದಾಟುತ್ತದೆ. ವಿದ್ಯಾರ್ಥಿಗಳಿಗೆ ಆಟೊಡೆಸ್ಕ್ ಉಚಿತವಾಗಿ ಕೊಡುತ್ತದೆ ನಿಜ. ಆದರೆ ಮಾನ್ಯ ಶಿಕ್ಷಣ ಸಂಸ್ಥೆಯಲ್ಲಿ ಓದುತ್ತಿರುವ ಪುರಾವೆ ಬೇಕು, ವರ್ಷ ವರ್ಷವೂ ನವೀಕರಿಸಬೇಕು, ಅದರಲ್ಲಿ ಮಾಡಿದ್ದನ್ನು ದುಡ್ಡಿನ ಕೆಲಸಕ್ಕೆ ಬಳಸುವಂತಿಲ್ಲ. ಓದು ಮುಗಿದು ಕೆಲಸ ಇನ್ನೂ ಸಿಗದ ಆ ಒಂದೆರಡು ವರ್ಷ ಇದೆಯಲ್ಲ, ಅಭ್ಯಾಸ ಬಿಡಲೇಬಾರದ ಹೊತ್ತು, ಸರಿಯಾಗಿ ಆಗಲೇ ಸಾಫ್ಟ್‌ವೇರ್ ಕೈಬಿಡುತ್ತದೆ. ಕಳ್ಳಪ್ರತಿಯ ಮಾತು ಬೇಡ. ಅದು ತಪ್ಪು ಎನ್ನುವುದರ ಜೊತೆಗೆ ವೈರಸ್ಸಿನ ಹೆಬ್ಬಾಗಿಲೂ ಹೌದು. ಕೆಲಸ ಸಿಕ್ಕ ಮೇಲೂ ನೆಲ ಗಟ್ಟಿಯೆಂದು ಹೇಳುವಂತಿಲ್ಲ. ಅಂತರರಾಷ್ಟ್ರೀಯ ಕಂಪನಿ ಟೆಕ್ನಿಕಲರ್ 2025ರ ಫೆಬ್ರುವರಿಯಲ್ಲಿ ಕುಸಿದಾಗ ಬೆಂಗಳೂರಿನ ಸಾವಿರಾರು ಕಲಾವಿದರು ಒಮ್ಮೆಗೇ ಬೀದಿಗೆ ಬಂದರು. ಮನೆಯ ಕಂಪ್ಯೂಟರಿನಲ್ಲಿ, ಯಾರ ಅಪ್ಪಣೆಯೂ ಇಲ್ಲದೆ ತೆರೆದುಕೊಳ್ಳುವ ಸಾಫ್ಟ್‌ವೇರಿನ ಬೆಲೆ ಅಂಥ ಹೊತ್ತಿನಲ್ಲಿ ತಿಳಿಯುತ್ತದೆ.

ಬ್ಲೆಂಡರ್ ಆ ಬಗೆಯದು. ನೆದರ್ಲೆಂಡ್ಸ್‌ನ ಟಾನ್ ರೋಸೆಂಡಾಲ್ ತಮ್ಮ ಸ್ಟುಡಿಯೊದ ಬಳಕೆಗೆಂದು ಬರೆದದ್ದು ಮುಂದೆ ಒಂದು ಕಂಪನಿಯ ಆಸ್ತಿಯಾಯಿತು, ಆ ಕಂಪನಿ ಮುಚ್ಚಿತು. 2002ರಲ್ಲಿ ಬಳಕೆದಾರರೇ ಏಳು ವಾರದಲ್ಲಿ ಒಂದು ಲಕ್ಷ ಯೂರೊ ಚಂದಾ ಎತ್ತಿ ಅದನ್ನು ಬಿಡಿಸಿಕೊಂಡರು. ಅಂದಿನಿಂದ ಅದು ಮುಕ್ತ ಸಾಫ್ಟ್‌ವೇರ್. ಸಾಫ್ಟ್‌ಇಮೇಜಿಗೆ ಆದ ಗತಿ ಅದಕ್ಕೆ ಬಂದರೂ ಯಾರಾದರೂ ಅದರ ಸೋರ್ಸ್ ಕೋಡನ್ನು ಎತ್ತಿಕೊಂಡು ಮುಂದುವರಿಸಬಹುದು. ಬಿಟ್ಟಿ ಸಿಗುವುದು ಹವ್ಯಾಸಿಗಳ ಆಟಿಕೆ ಎಂಬ ಮಾತು ಬಹುಕಾಲ ಇತ್ತು, ಒಂದು ಕಾಲಕ್ಕೆ ಅದರಲ್ಲಿ ಹುರುಳೂ ಇತ್ತು. ಲಾಟ್ವಿಯಾದ ಗಿಂಟ್ಸ್ ಜಿಲ್ಬಲೋಡಿಸ್ ಅದನ್ನು ಸುಳ್ಳುಮಾಡಿದರು. ತಮ್ಮ ಮೊದಲ ಪೂರ್ಣಾವಧಿ ಚಿತ್ರ ‘ಅವೇ’ಯನ್ನು ಒಬ್ಬರೇ ಮಾಯಾದಲ್ಲಿ ಮಾಡಿ ಮುಗಿಸಿದ್ದ ಅವರು ಎರಡನೆಯದಕ್ಕೆ ಬ್ಲೆಂಡರ್ ಹಿಡಿದರು. ಆ ಎರಡನೆಯದೇ ‘ಫ್ಲೋ’. ಮಾತಿಲ್ಲದ ಬೆಕ್ಕೊಂದರ ಕಥೆ, ಸುಮಾರು 35 ಲಕ್ಷ ಯೂರೊ ವೆಚ್ಚ, 2025ರಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರದ ಆಸ್ಕರ್. ಆ ಬೆಕ್ಕು ಹಿಂಜರಿದು ಕಿವಿ ಮಡಿಚುವುದನ್ನು ಬ್ಲೆಂಡರ್ ತಾನಾಗಿ ಮಾಡಲಿಲ್ಲ, ಅನಿಮೇಟರುಗಳು ಮಾಡಿದರು. ಬ್ಲೆಂಡರ್ ಅಡ್ಡ ಬರಲಿಲ್ಲ, ಅಷ್ಟೇ. ಹೊಸಬರು ಸಾಫ್ಟ್‌ವೇರಿನಿಂದ ಕೇಳಬೇಕಾದದ್ದೂ ಅಷ್ಟೇ.

ಅಡ್ಡ ಬರುವ ಜಾಗಗಳೂ ಇವೆ. ಭಾರವಾದ ರಿಗ್ಗುಗಳನ್ನು ಆಡಿಸುವಾಗ ಬ್ಲೆಂಡರ್ ಮಾಯಾಕ್ಕಿಂತ ನಿಧಾನ. ಅನಿಮೇಷನ್ನನ್ನು ಪದರ ಪದರವಾಗಿ ಮಾಡುವ ವ್ಯವಸ್ಥೆ ಮಾಯಾದಲ್ಲಿ ಹೆಚ್ಚು ನೇರ. ಬರೀ ಪಾತ್ರ ಅನಿಮೇಷನ್ನನ್ನೇ ಗಮನದಲ್ಲಿಟ್ಟು ರೂಪಿಸಿದ ಪಾಠಗಳು ಮಾಯಾಕ್ಕೆ ಜಾಸ್ತಿ. 2019ರ 2.8 ಆವೃತ್ತಿಗೆ ಮುಂಚೆ ಬ್ಲೆಂಡರಿನ ಪರದೆ ನೋಡಿ ಹೊಸಬರು ದಿಕ್ಕೆಡುತ್ತಿದ್ದುದು ನಿಜ. ಆ ಆವೃತ್ತಿಯಲ್ಲಿ ಬಹಳಷ್ಟು ಸುಧಾರಿಸಿದೆಯಾದರೂ ಮಾಡೆಲಿಂಗ್, ಹೊಗೆ, ನೀರು, ವಿಡಿಯೊ ಸಂಕಲನ ಎಲ್ಲವೂ ಒಂದೇ ಚಾವಣಿಯಡಿ ಇರುವುದರಿಂದ ಸಂತೆಯಲ್ಲಿ ನಿಂತಂತಾಗುತ್ತದೆ. ಈ ಕೊರತೆಗಳಲ್ಲಿ ಹೆಚ್ಚಿನವು ಕಾಡುವುದು ಮೂರು ನಾಲ್ಕು ಪಾತ್ರಗಳ ಉದ್ದನೆಯ ದೃಶ್ಯ ಮಾಡುವವರನ್ನು. ಪುಟಿಯುವ ಚೆಂಡಿನಲ್ಲಿ, ಬಾಲ ಅಂಟಿಸಿದ ಚೆಂಡಿನಲ್ಲಿ, ಎರಡು ಕಾಲಿನ ನಡಿಗೆಯಂಥ ಮೊದಲ ಅಭ್ಯಾಸಗಳಲ್ಲಿ ಇರುವವರಿಗೆ ಅವು ಎದುರಾಗುವುದೇ ಇಲ್ಲ. ಎದುರಾಗುವ ಹೊತ್ತಿಗೆ ಅವರು ಹೊಸಬರಾಗಿ ಉಳಿದಿರುವುದಿಲ್ಲ, ಮಾಯಾಕ್ಕೆ ದಾಟುವುದು ಆಗ ಅಷ್ಟು ಕಷ್ಟವಾಗದು.

ಇತ್ತೀಚೆಗೆ ಕೇಳಿಬರುವ ಮತ್ತೊಂದು ಮಾತೆಂದರೆ, ಕೀಫ್ರೇಮ್ ಹಾಕುವ ಶ್ರಮವೇ ಯಾಕೆ, ಸಿದ್ಧ ಚಲನೆಗಳು ಸಿಗುತ್ತವಲ್ಲ ಎಂಬುದು. ಅಡೋಬಿಯ ಮಿಕ್ಸಾಮೊದಲ್ಲಿ ಪಾತ್ರವನ್ನು ಏರಿಸಿದರೆ ಮೂಳೆಯನ್ನೂ ಅದೇ ಕೂರಿಸಿ ನಡಿಗೆ, ಓಟ, ಕುಣಿತ ಎಲ್ಲವನ್ನೂ ಹಚ್ಚಿಕೊಡುತ್ತದೆ. ನಟರ ಮೈಚಲನೆಯನ್ನು ಸೆರೆಹಿಡಿಯುವ ಮೋಷನ್ ಕ್ಯಾಪ್ಚರ್ ಇದೆ, ಕೃತಕ ಬುದ್ಧಿಮತ್ತೆ ಬಾಗಿಲಲ್ಲಿ ನಿಂತಿದೆ. ಆಟಗಳ ಹಿನ್ನೆಲೆಯ ಗುಂಪಿಗೆ ಇವು ಧಾರಾಳವಾಗಿ ಸಾಕು. ಮುಖ್ಯ ಪಾತ್ರದ ವಿಷಯಕ್ಕೆ ಬಂದರೆ 2014ರ ತಮಿಳು ಚಿತ್ರ ‘ಕೋಚಡೈಯಾನ್’ ನೆನಪಾಗುತ್ತದೆ. ರಜನೀಕಾಂತ್ ಅವರಂಥ ನಟನ ಚಲನೆಯನ್ನೇ ಸೆರೆಹಿಡಿದಿದ್ದರೂ ತೆರೆಯ ಮೇಲಿನ ಪಾತ್ರ ಸೆಡೆತಂತೆ ಕಂಡಿತೆಂಬ ಟೀಕೆ ಬಂತು. ಸೆರೆಹಿಡಿದ ಚಲನೆ ಕಚ್ಚಾ ಮಾಲು. ಅದರಲ್ಲಿ ಏನು ಕೆಟ್ಟಿದೆಯೆಂದು ಕಣ್ಣಿಗೆ ಕಾಣಬೇಕಾದರೆ, ಕೈಯಿಂದ ಅದನ್ನು ಕಟ್ಟಿ ಗೊತ್ತಿರಬೇಕು.

ಹಾಗೆ ಕೈಯಿಂದ ಕಟ್ಟಿ ಕಲಿಯಲು ಬೇಕಾದ ಗೊಂಬೆ ಸಿದ್ಧವಾಗಿಯೇ ಸಿಗುತ್ತದೆ. ಬ್ಲೆಂಡರ್ ತಂಡದ್ದೇ ಆದ ಬ್ಲೆಂಡರ್ ಸ್ಟುಡಿಯೊ ತನ್ನ ಕಿರುಚಿತ್ರಗಳಿಗೆ, ಪಾಠಗಳಿಗೆ ಮಾಡಿಕೊಂಡ ಪಾತ್ರಗಳ ರಿಗ್ಗುಗಳನ್ನು ಉಚಿತವಾಗಿ ಬಿಟ್ಟಿದೆ. ಅದರಲ್ಲಿ ‘ರೇನ್’ ಎಂಬ ಹುಡುಗಿ ಕಲಿಯುವವರಿಗೆ ಚೆನ್ನಾಗಿ ಒಗ್ಗುತ್ತಾಳೆ. 8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪಿನಲ್ಲಿ ಒಂದು ಪಾತ್ರ ಆಡಿಸಬಹುದು, ಏಕೆಂದರೆ ಈ ಹಂತದಲ್ಲಿ ಬೆಳಕು, ನೆರಳು ಹಾಕಿ ಅಂತಿಮ ಚಿತ್ರ ತೆಗೆಯುವ ಅಗತ್ಯವೇ ಇಲ್ಲ. ಬೂದುಬಣ್ಣದ ಪರದೆಯಲ್ಲಿ ಕಂಡದ್ದನ್ನೇ ವಿಡಿಯೊ ಮಾಡಿಕೊಂಡರಾಯಿತು. ಮಾಡೆಲಿಂಗ್, ಶಿಲ್ಪ, ಬಣ್ಣದ ವಿಭಾಗಗಳ ಪಟ್ಟಿಗಳನ್ನು ಮೇಲಿನಿಂದ ಅಳಿಸಿಹಾಕಿ, ಅನಿಮೇಷನ್ ಒಂದನ್ನೇ ಉಳಿಸಿ, ಅದನ್ನೇ ತೆರೆದ ಕೂಡಲೆ ಬರುವ ಕಡತವಾಗಿ ಉಳಿಸಿಕೊಳ್ಳಬಹುದು. ಕಾಲು ಗಂಟೆಯ ಕೆಲಸ. ಆ ಮೇಲೆ ಪಕ್ಕದಲ್ಲಿ ಮೊಬೈಲ್ ನಿಲ್ಲಿಸಿ, ಕುರ್ಚಿಯಿಂದ ತಾವೇ ಎದ್ದು ನಿಲ್ಲುವುದನ್ನು ಚಿತ್ರಿಸಿಕೊಂಡು, ಎದೆ ಯಾವ ಫ್ರೇಮಿನಲ್ಲಿ ಮುಂದೆ ಬಾಗಿತು, ಪೃಷ್ಠ ಯಾವ ಫ್ರೇಮಿನಲ್ಲಿ ಕುರ್ಚಿ ಬಿಟ್ಟಿತು ಎಂದು ಎಣಿಸಲು ಶುರುಮಾಡಬಹುದು.